ನಿದ್ದೆ ಬಂತಾ ಅಂತ ಕೇಳಿದರೆ

ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅತ್ತೆ ಕೇಳುತ್ತಿದ್ದ ಮೊದಲ ಮಾತು, "ನಿದ್ದೆ ಬಂತೇನವ್ವ?" ಶಾಲೆಗೆ ಹೋದರೆ ಸ್ಟಾಫ್ ರೂಮಿನಲ್ಲಿ ಅದೇ ಮಾತು. ತವರಿಂದ ಅಮ್ಮ ಫೋನ್ ಮಾಡಿದರೂ ಅದೇ. "ಹೂಂ, ಬಂತು" ಅಂದುಬಿಡುತ್ತಿದ್ದೆ. ಆರು ವರ್ಷ ಹೀಗೇ ಹೇಳಿಕೊಂಡು ಬಂದೆ. ಕೇಳುವವರಿಗೆ ಪ್ರೀತಿ ಇದೆ, ಅದು ಗೊತ್ತು. ಆದರೆ ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಮಾತ್ರ ಹಿಡಿಸುತ್ತದೆ. ನನ್ನ ಹತ್ತಿರ ಇದ್ದ ಉತ್ತರ ಉದ್ದದ್ದು. ಹತ್ತೂವರೆಗೆ ಬಂತು, ಒಂದೂವರೆಗೆ ಹೋಯಿತು, ನಾಲ್ಕಕ್ಕೆ ಮತ್ತೆ ಸ್ವಲ್ಪ ಬಂತು, ಐದೂವರೆಗೆ ಅಲಾರಂ ಹೊಡೆಯಿತು. ಒಲೆ ಮೇಲೆ ಹಾಲಿಟ್ಟು ನಿಂತವರಿಗೆ ಇದನ್ನೆಲ್ಲ ಹೇಳುವುದು ಹೇಗೆ?

ಒಂದೆರಡು ಸಲ "ಇಲ್ಲ, ಬರಲಿಲ್ಲ" ಅಂದು ನೋಡಿದ್ದೆ. ತಕ್ಷಣ ಬರುವ ಮಾತು, "ಏನು ಅಷ್ಟೊಂದು ಯೋಚನೆ ಮಾಡ್ತೀಯ?" ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆ ನಮ್ಮ ಜನರ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ನಿದ್ದೆ ಬರಲಿಲ್ಲ ಅಂದರೆ ಚಿಂತೆ ಇದೆ, ಚಿಂತೆ ಇದೆ ಅಂದರೆ ಮನೆಯಲ್ಲಿ ಏನೋ ಸರಿ ಇಲ್ಲ. ನಮ್ಮನೆಯವರ ಮುಖ ಸಪ್ಪಗಾಗುತ್ತದೆ. ಅತ್ತೆ ತಮ್ಮಿಂದ ಏನಾದರೂ ತಪ್ಪಾಯಿತೇನೋ ಅಂತ ಹಿಂದಿನ ದಿನದ ಮಾತೆಲ್ಲ ನೆನಪಿಸಿಕೊಳ್ಳುತ್ತಾರೆ. ನನಗೆ ಚಿಂತೆ ಇರಲಿಲ್ಲ. ಬಲಗೈ ಮಣಿಕಟ್ಟು ನೋಯುತ್ತಿತ್ತು, ಅಷ್ಟೇ. ಇದನ್ನು ಎಷ್ಟು ಸಲ ಬಿಡಿಸಿ ಹೇಳುವುದು ಅಂತ "ಬಂತು" ಅನ್ನುವುದೇ ಸುಲಭವಾಯಿತು.

2016ರಲ್ಲಿ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಯಿತು. ಊರಲ್ಲಿ ಇದನ್ನು ವಾತ ಅಂತಾರೆ, ಸಂಧಿವಾತ ಅಂತಾರೆ. ವಯಸ್ಸಾದ ಮೇಲೆ ಸವೆದು ಬರುವ ಮಂಡಿನೋವಿಗೂ ಇದಕ್ಕೂ ಸಂಬಂಧ ಇಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಹಾಗಲ್ಲ. ಕಂಬಳಿಯ ಅಂಚು ಹಿಡಿದು ಎಳೆಯಲು ಹೋದರೆ ಬೆರಳು ಮಡಚುವುದಿಲ್ಲ. ಮಗ್ಗುಲು ಬದಲಿಸಬೇಕಾದರೆ ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಮಂಡಿ ಅಂತ ಒಂದೊಂದನ್ನೇ ಕೇಳಿಕೊಳ್ಳಬೇಕು. ಕಾಲ್ಬೆರಳ ಮೇಲೆ ಕಂಬಳಿಯ ಭಾರವೂ ತಡೆಯುವುದಿಲ್ಲ. ಕಂಬಳಿ ಸರಿಸೋಣ ಅಂದರೆ ಕೊಡಗಿನ ನಮ್ಮ ಮಾದಾಪುರದ ಜುಲೈ ತಿಂಗಳ ಚಳಿ.

ಎರಡು ಗಂಟೆಗೇ ಯಾಕೆ

ಮೈಸೂರಿನ ಡಾಕ್ಟರ ಹತ್ತಿರ ಹೋಗುವ ಮುಂಚೆ ಇನ್ನೊಂದು ಕಡೆ ತೋರಿಸುತ್ತಿದ್ದೆ. ಅಲ್ಲಿ ನಿದ್ದೆ ಬರಲ್ಲ ಅಂದ ತಕ್ಷಣ ನಿದ್ದೆ ಮಾತ್ರೆ ಬರೆದುಕೊಟ್ಟರು. ಯಾಕೆ ಬರಲ್ಲ ಅಂತ ಯಾರೂ ಕೇಳಲಿಲ್ಲ. ಮಾತ್ರೆ ತಗೊಂಡರೆ ಮಂಪರು ಬರುತ್ತಿತ್ತು, ಆದರೆ ಎರಡು ಗಂಟೆಗೆ ಅದೇ ಮಂಪರಿನಲ್ಲಿ ಎಚ್ಚರವಾಗಿ ನೋಯುತ್ತಿತ್ತು. ಬೆಳಿಗ್ಗೆ ತಲೆ ಭಾರ. ಒಂಬತ್ತನೇ ತರಗತಿಯಲ್ಲಿ ಹಳಗನ್ನಡ ಪದ್ಯ ಓದುತ್ತಾ ಒಂದೇ ಸಾಲನ್ನು ಮೂರು ಸಲ ಓದಿದ್ದೆ. ಮಕ್ಕಳು ನಗಲಿಲ್ಲ. ಸುಮ್ನೆ ನನ್ನನ್ನೇ ನೋಡುತ್ತಾ ಕೂತಿದ್ದರು. ನಗಬಹುದಿತ್ತು ಅನ್ನಿಸಿತು.

ಮೈಸೂರಿನ ಡಾಕ್ಟರು ಕೇಳಿದ ಪ್ರಶ್ನೆ ಬೇರೆ ಇತ್ತು. "ನೋವಿನಿಂದ ಎಚ್ಚರ ಆಗುತ್ತಾ, ಎಚ್ಚರ ಆದ ಮೇಲೆ ನೋವು ಗೊತ್ತಾಗುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ. ಶಾಲೆಯ ಒಂದು ನೂರು ಪುಟದ ಪುಸ್ತಕದಲ್ಲಿ ತಿಂಗಳುಗಟ್ಟಲೆ ಬರೆದಿಟ್ಟೆ. ಎಷ್ಟೊತ್ತಿಗೆ ಮಲಗಿದೆ, ಅಂದಾಜು ಎಷ್ಟೊತ್ತಿಗೆ ಎದ್ದೆ, ಎದ್ದಾಗ ಯಾವ ಕೀಲು, ಬೆಳಿಗ್ಗೆ ಬಿಗಿತ ಬಿಡಲು ಎಷ್ಟು ಹೊತ್ತು. ನೋಡಿದರೆ ಎರಡು ಥರದ ರಾತ್ರಿಗಳಿದ್ದವು. ಕೆಲವು ರಾತ್ರಿ ಎಚ್ಚರವಾದಾಗ ಕೈ ಬಿಸಿಯಾಗಿ ಊದಿಕೊಂಡಿರುತ್ತಿತ್ತು, ಬೆಳಿಗ್ಗೆ ಒಂದೂವರೆ ಗಂಟೆ ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ಇನ್ನು ಕೆಲವು ರಾತ್ರಿ ನೋವು ಅಷ್ಟಿರದಿದ್ದರೂ ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತಿತ್ತು. ಮೊದಲನೆಯದು ಕಾಯಿಲೆ ಹತೋಟಿಗೆ ಬಂದಿಲ್ಲ ಅನ್ನುವುದರ ಗುರುತು, ಅದಕ್ಕೆ ಔಷಧಿ ಸರಿಮಾಡಬೇಕು ಅಂದರು. ಎರಡನೆಯದು ಮೈಗೆ ಅಂಟಿದ ಅಭ್ಯಾಸ, ಅದರ ದಾರಿ ಬೇರೆ. ಈ ಎರಡನ್ನೂ ಒಂದೇ ಹೆಸರಲ್ಲಿ ಕರೆದು, ಒಂದೇ ಮಾತ್ರೆ ನುಂಗಿಸಿ, ಎಷ್ಟು ಜನರ ಎಷ್ಟು ವರ್ಷ ಹೋಗಿರಬಹುದು ಅಂತ ನನಗೆ ಈಗಲೂ ಸಂಕಟವಾಗುತ್ತದೆ. ನಿಮಗೂ ಇಂಥ ಕಾಯಿಲೆ ಇದ್ದರೆ ಒಂದು ತಿಂಗಳು ಬರೆದಿಡಿ. ಡಾಕ್ಟರ ಮುಂದೆ ಬಾಯಲ್ಲಿ ಹೇಳುವುದಕ್ಕಿಂತ ಅದು ಜಾಸ್ತಿ ಹೇಳುತ್ತದೆ.

ಎರಡು ಗಂಟೆಯ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಮೈಯೊಳಗೆ ಒಂದು ಗಡಿಯಾರ ಇದೆ. ಅದು ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಊತ ತಣಿಸುವ ಕಾರ್ಟಿಸೋಲ್ ಅನ್ನುವ ಹಾರ್ಮೋನು ನಡುರಾತ್ರಿಯ ಸುಮಾರಿಗೆ ತೀರಾ ಕಡಿಮೆ ಇರುತ್ತದೆ, ಬೆಳಗಿನ ಜಾವಕ್ಕೆ ಏರುತ್ತದೆ. ಊತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಥರದ ವಸ್ತುಗಳು ನಮ್ಮಂಥವರ ರಕ್ತದಲ್ಲಿ ರಾತ್ರಿ ಕೊನೆಯ ಜಾವದಲ್ಲಿ ಹೆಚ್ಚಾಗುತ್ತವೆ. ತಣಿಸುವುದು ಬಂದು ತಲುಪುವ ಮೊದಲೇ ಉರಿಸುವುದು ಕೆಲಸ ಶುರುಮಾಡಿರುತ್ತದೆ. ರಾತ್ರಿ ನುಂಗಿದರೆ ಕೆಲವು ಗಂಟೆ ಬಿಟ್ಟು, ಸುಮಾರು ಎರಡು ಗಂಟೆಯ ಹೊತ್ತಿಗೆ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುವ, ಊತ ತಣಿಸುವ ಸ್ಟೀರಾಯ್ಡ್ ಮಾತ್ರೆಯನ್ನು ಯುರೋಪಿನಲ್ಲಿ ಪರೀಕ್ಷಿಸಿ, ಬೆಳಗಿನ ಬಿಗಿತ ಕಡಿಮೆಯಾಗುತ್ತದೆ ಅಂತ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದಾರೆ. ನನ್ನ ಸ್ಟೀರಾಯ್ಡ್ ಸಾಮಾನ್ಯದ್ದು, ಬೆಳಿಗ್ಗೆ ತಿಂಡಿ ಆದ ಮೇಲೆ. ಅದನ್ನು ಸಂಜೆ ತಗೊಂಡರೆ ನಿದ್ದೆಯೇ ಹಾರಿಹೋಗುತ್ತದೆ. ಮೊದಲಿನ ಚೀಟಿಯಲ್ಲಿ ಸಂಜೆ ಅಂತಲೇ ಇತ್ತು.

ಸ್ಟೀರಾಯ್ಡಿನ ಹೊತ್ತು ಬದಲಾಯಿತು, ಭಾನುವಾರದ ಮೆಥೊಟ್ರೆಕ್ಸೇಟ್ ಸ್ವಲ್ಪ ಏರಿತು. ಅದು ಈ ಕಾಯಿಲೆಯನ್ನು ಹತೋಟಿಯಲ್ಲಿಡುವ, ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ತಗೊಂಡರೆ ಜೀವಕ್ಕೇ ಅಪಾಯ, ಅದಕ್ಕೆ ನಮ್ಮನೆಯವರು ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದುದರಿಂದ ಕಾಲು ಎಳೆಯುತ್ತಿತ್ತು ಅಂತಲೂ ಗೊತ್ತಾಯಿತು, ಅದಕ್ಕೂ ಔಷಧಿ ಕೊಟ್ಟರು. ಊದಿಕೊಂಡು ಏಳುವ ರಾತ್ರಿಗಳು ಕಡಿಮೆಯಾದವು. ಎಚ್ಚರ ಮಾತ್ರ ಉಳಿಯಿತು.

ಎಂಟು ಗಂಟೆಯ ಮಾತು

ಮನುಷ್ಯನಿಗೆ ಎಂಟು ಗಂಟೆ ನಿದ್ದೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಕೇಳಿ ನಾನು ಪಟ್ಟಷ್ಟು ಕಷ್ಟ ಆ ಎಚ್ಚರದಿಂದಲೇ ಪಟ್ಟಿರಲಿಲ್ಲವೇನೋ. ನಿದ್ದೆಗೆಟ್ಟರೆ ನೋವು ಜಾಸ್ತಿ ಆಗುತ್ತದೆ ಅನ್ನುವುದು ನಿಜ. ನನ್ನಂಥ ರೋಗಿಗಳನ್ನು ಅರ್ಧ ರಾತ್ರಿ ಎಚ್ಚರ ಇರಿಸಿ ನೋಡಿದ ಅಮೆರಿಕದ ಸಂಶೋಧಕರು 2012ರಲ್ಲಿ ಇದನ್ನೇ ಹೇಳಿದ್ದಾರೆ. ಆರೋಗ್ಯವಂತರಿಗಿಂತ ನಮಗೆ ಆಯಾಸ, ನೋವು ಎರಡೂ ಹೆಚ್ಚು ಏರುತ್ತವೆ. ನೋವಿನಿಂದ ನಿದ್ದೆ ಹೋಗುವುದು, ನಿದ್ದೆ ಹೋಗಿದ್ದರಿಂದ ನೋವು ಏರುವುದು. ಇದನ್ನು ಓದಿದ ಮೇಲೆ ಎರಡು ಗಂಟೆಗೆ ಎದ್ದ ತಕ್ಷಣ ಲೆಕ್ಕ ಹಾಕುವುದು ಶುರುವಾಯಿತು. ಈಗ ಮಲಗಿದರೆ ಮೂರೂವರೆ ಗಂಟೆ ಸಿಗುತ್ತೆ. ಈಗ ಮಲಗಿದರೆ ಎರಡೂ ಕಾಲು. ಗೋಡೆ ಗಡಿಯಾರವನ್ನು ಕೋಣೆಯಿಂದ ತೆಗೆಸಿದೆ. ಅದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿದ್ದು ಡಾಕ್ಟರು ಹೇಳಿದ ಇನ್ನೊಂದು ಮಾತು. ಗಾಢನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಪಾಲಿನಲ್ಲೇ ಮುಗಿದಿರುತ್ತದಂತೆ. ಹತ್ತೂವರೆಯಿಂದ ಒಂದೂವರೆವರೆಗಿನ ನನ್ನ ತುಂಡು ನಿದ್ದೆ ಅಷ್ಟು ಬಡವಾದದ್ದೇನಲ್ಲ.

ಕಾಫಿ ಬಿಡುವುದು ಕಷ್ಟವಾಯಿತು. ಕಾಫಿ ತೋಟದ ಮಧ್ಯೆ ಇರುವ ಮನೆಯಲ್ಲಿ ಸಂಜೆ ಬಂದ ನೆಂಟರ ಜೊತೆ ಲೋಟ ಹಿಡಿಯದೆ ಕೂರುವುದು ಅಂದರೆ ಹೇಗೆ? ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದ ಕಾಫಿಯ ಅರ್ಧ ಹತ್ತು ಗಂಟೆಗೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ನಮ್ಮಲ್ಲಿ ಬೇರೆ ಬೆಳೆಯುವುದು ರೋಬಸ್ಟಾ, ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಈಗ ಮಧ್ಯಾಹ್ನ ಎರಡರ ಮೇಲೆ ಕುಡಿಯುವುದಿಲ್ಲ. ಸಂಜೆ ಜೀರಿಗೆ ಕಷಾಯ. ಸಂಜೆಯ ಬೆಲ್ಲದ ಕಾಫಿಯ ಆಸೆ ಇನ್ನೂ ಹೋಗಿಲ್ಲ.

ಹದಿನೈದು ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಎದ್ದುಹೋಗಿ, ಕಣ್ಣು ಎಳೆದಾಗ ಬನ್ನಿ ಅನ್ನುವ ನಿಯಮ ಇದೆಯಲ್ಲ, ಅದರ ಮೂಲ ರಿಚರ್ಡ್ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞರು 1972ರಲ್ಲಿ ಹೇಳಿದ್ದು. ಹಾಸಿಗೆ ಅಂದರೆ ಒದ್ದಾಟ ಅಂತ ಮೈ ಕಲಿತಿರುತ್ತದೆ, ಅದನ್ನು ಮರೆಸಬೇಕು ಅನ್ನುವುದು ಅದರ ತಿರುಳು. ಮಾತು ಸರಿ. ಆದರೆ ಮಂಡಿ ಸೆಟೆದುಕೊಂಡವಳು ನಡುರಾತ್ರಿ, ಕರೆಂಟಿಲ್ಲದ ಹೆಂಚಿನ ಮನೆಯಲ್ಲಿ, ಶೀತ ಹಿಡಿದ ಸಿಮೆಂಟ್ ನೆಲದ ಮೇಲೆ ಕಾಲಿಟ್ಟು ಏಳುವುದು ಒಂದು ದೊಡ್ಡ ಕೆಲಸ. ಎದ್ದರೆ ಮಂಚ ಕಿರ್ ಅನ್ನುತ್ತದೆ. ಬಾಗಿಲ ಚಿಲಕ ಸದ್ದು ಮಾಡುತ್ತದೆ. ಪಕ್ಕದಲ್ಲಿ ಮಲಗಿದವರು ಬೆಳಿಗ್ಗೆ ತೋಟಕ್ಕೆ ಹೋಗಬೇಕು. ಗೋಡೆಯಾಚೆ ವಯಸ್ಸಾದ ಅತ್ತೆ. ಹಾಗಾಗಿ ನಾನು ಏಳುತ್ತಿರಲಿಲ್ಲ. ಉಸಿರನ್ನೂ ಒಂದೇ ಸಮ ಎಳೆದುಕೊಂಡು, ಮಲಗಿದ ಹಾಗೆ ಮಲಗಿರುತ್ತಿದ್ದೆ. ಈ ಮಲಗಿದ ಹಾಗೆ ಮಲಗುವುದು ನನ್ನನ್ನು ಎಷ್ಟು ಸುಸ್ತು ಮಾಡುತ್ತಿತ್ತು ಅನ್ನುವುದು ಗೊತ್ತಾಗಿದ್ದು ಬಹಳ ತಡವಾಗಿ.

ಹಿಂದಿನ ಕಾಲದ ಯುರೋಪಿನಲ್ಲಿ ಜನ ರಾತ್ರಿಯನ್ನು ಎರಡು ನಿದ್ದೆಯಾಗಿ ಮಲಗುತ್ತಿದ್ದರು, ನಡುವೆ ಎದ್ದು ಮಾತಾಡಿ, ಪ್ರಾರ್ಥನೆ ಮಾಡಿ ಮತ್ತೆ ಮಲಗುತ್ತಿದ್ದರು ಅಂತ ರೋಜರ್ ಎಕರ್ಚ್ ಅನ್ನುವ ಇತಿಹಾಸಕಾರ 2001ರಲ್ಲಿ ಬರೆದರು. ಗೆಳತಿಯೊಬ್ಬಳು ನನಗೆ ಸಮಾಧಾನವಾಗಲಿ ಅಂತ ಇದನ್ನು ಹೇಳಿದಳು. ಸಮಾಧಾನ ಪೂರ್ತಿ ಆಗಲಿಲ್ಲ. ಅವರು ಎದ್ದಾಗ ಕೈ ಮಡಚುತ್ತಿತ್ತು ಅಲ್ವಾ? ಆದರೆ ಅದರಲ್ಲಿ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಅವರ ಆ ನಡುವಿನ ಹೊತ್ತಿನಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಎದ್ದಿರುತ್ತಿದ್ದರು.

ಪಂಪಿನ ರಾತ್ರಿ

ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿಯಾದರೂ ಕಾಫಿ ಹೂ ಅರಳಿಸಬೇಕು. ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಒಂದು ವರ್ಷ ಹಾಗೇ ಆಯಿತು. ನಮ್ಮನೆಯವರು, ಕೆಲಸದ ಇಬ್ಬರು ಹುಡುಗರು ಪೈಪ್ ಬದಲಿಸಲು ರಾತ್ರಿಯಿಡೀ ತೋಟದಲ್ಲಿ. ಆನೆ ಬಂದರೆ ಅಂತ ಟಾರ್ಚು, ಪಟಾಕಿ. ಒಂದೂವರೆಗೆ ಎಂದಿನಂತೆ ನನಗೆ ಎಚ್ಚರವಾಯಿತು. ಮಲಗಿದ ಹಾಗೆ ಮಾಡಬೇಕು ಅನ್ನುವುದಕ್ಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎದ್ದೆ. ಬೆಲ್ಲದ ಕಾಫಿ ಕಾಯಿಸಿ ಫ್ಲಾಸ್ಕಿಗೆ ಹಾಕಿದೆ. ಮುಚ್ಚಳ ತಿರುಗಿಸಲು ಆಗದೆ ಸೆರಗಿನಲ್ಲಿ ಸುತ್ತಿ ಎರಡೂ ಅಂಗೈ ಒತ್ತಿ ತಿರುಗಿಸಿದೆ. ಅಂಗಳಕ್ಕೆ ಹೋಗಿ ಟಾರ್ಚ್ ಆಡಿಸಿದಾಗ ಆಚೆಯಿಂದಲೂ ಟಾರ್ಚ್ ಆಡಿತು. ಕತ್ತಲಲ್ಲಿ ಜೆಟ್ ತಿರುಗುವ ಚಟ್ ಚಟ್ ಸದ್ದು, ಎಲೆ ಮೇಲೆ ನೀರು ಬೀಳುವ ಸದ್ದು, ಒದ್ದೆ ಮಣ್ಣಿನ ವಾಸನೆ. ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದರು. "ಅಕ್ಕಾ, ನೀವು ಎದ್ದು ಕೊಡದಿದ್ರೆ ನಾವು ಪೈಪ್ ಮೇಲೇ ಮಲಗಿಬಿಡ್ತಿದ್ವಿ" ಅಂದ ಒಬ್ಬ ಹುಡುಗ.

ಆ ರಾತ್ರಿ ಅತ್ತೆ ನಾದಿನಿ ಮನೆಯಲ್ಲಿದ್ದರು. ಮರುದಿನ ಬಂದವರು ಪಕ್ಕದ ಮನೆಯವರಿಗೆ "ನನ್ನ ಸೊಸೆ ರಾತ್ರಿಯೆಲ್ಲ ಎದ್ದಿದ್ದಳು" ಅಂತ ಹೆಮ್ಮೆಯಿಂದ ಹೇಳಿದರು. ನಾನು ಒಳಗೆ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡೆ. ಹಿಂದಿನ ವಾರ ನಾಲ್ಕು ರಾತ್ರಿ ಇಷ್ಟೇ ಹೊತ್ತು ಎದ್ದಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಮಡಿಕೇರಿ ದಸರಾದ ದಶಮಂಟಪ ನೋಡಲು ಬೆಳಗಿನವರೆಗೆ ಎದ್ದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತರಲು ಗದ್ದೆಗೆ ಹೋದರೂ ಅಷ್ಟೇ. ದೇವರಿಗೆ, ಬೆಳೆಗೆ, ಬಾಣಂತಿಗೆ, ಸತ್ತವರ ಮನೆಗೆ ಎದ್ದಿರುವುದಕ್ಕೆ ನಮ್ಮಲ್ಲಿ ಜಾಗ ಇದೆ. ಮೈನೋವಿಗೆ ಎದ್ದಿರುವುದಕ್ಕೆ ಮಾತ್ರ ಜಾಗ ಇಲ್ಲ, ಅದನ್ನು ಬಚ್ಚಿಡಬೇಕು ಅಂತ ನನಗೆ ಯಾರು ಕಲಿಸಿದರು? ಯಾರೂ ಕಲಿಸಿರಲಿಲ್ಲ. ನಾನೇ ಕಲಿತಿದ್ದೆ.

ಬಚ್ಚಲ ಒಲೆ

ಅದೇ ವರ್ಷ ಜುಲೈ. ನಾಲ್ಕು ದಿನದಿಂದ ಬಿಡದ ಮಳೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಆ ರಾತ್ರಿ ಬೆರಳು ಬಾಳೆಕಾಯಿಯ ಹಾಗೆ ಊದಿಕೊಂಡಿತ್ತು, ಮಲಗಿದ ಹಾಗೆ ಮಲಗಲೂ ಆಗಲಿಲ್ಲ. ಹಂಡೆಯಲ್ಲಿ ಉಗುರು ಬೆಚ್ಚಗಾದರೂ ನೀರು ಇರಬಹುದು, ಕೈ ಅದ್ದಿಕೊಂಡು ಕೂರೋಣ ಅಂತ ಎದ್ದೆ. ಗೋಡೆ ಹಿಡಿದುಕೊಂಡು ಹಿಂದಿನ ಜಗಲಿ ದಾಟಿದರೆ ಬಚ್ಚಲಮನೆ ಬಾಗಿಲ ಕೆಳಗೆ ಕೆಂಪು ಬೆಳಕು. ಬೆಂಕಿ ಬಿದ್ದಿದೆಯೇನೋ ಅಂತ ಎದೆ ಧಸಕ್ ಅಂದಿತು. ತಳ್ಳಿದೆ. ಅತ್ತೆ ಒಲೆ ಮುಂದೆ ಮಣೆ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದರು. ಬೂದಿಯಲ್ಲಿ ಹಲಸಿನ ಬೀಜ ಹೂತಿಟ್ಟಿದ್ದರು.

"ಯಾಕವ್ವ ಎದ್ದೆ?"

"ನಿದ್ದೆ ಹೋಯ್ತು ಅತ್ತೆ. ನೀವು?"

"ನಂಗೆಲ್ಲಿ ನಿದ್ದೆ. ಮಳೆ ಹಿಡೀತು ಅಂದ್ರೆ ಬರೆ ಕಡೆನೇ ಕಿವಿ."

ಬರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ, ಮನೆ ಹಿಂದೆ ಎರಡಾಳು ಎತ್ತರದ್ದು ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಜರಿದಾಗ ನಮ್ಮ ಬರೆಯೂ ಒಂದು ಮೂಲೆ ಕುಸಿದಿತ್ತು. ಕುಶಾಲನಗರದ ನೆಂಟರ ಮನೆಯಲ್ಲಿ ಹದಿನೆಂಟು ದಿನ ಇದ್ದು ಬಂದೆವು. ಮನೆಗೆ ಏನೂ ಆಗಿರಲಿಲ್ಲ. ಅದು ಅಲ್ಲಿಗೆ ಮುಗಿಯಿತು ಅಂತ ನಾನು ತಿಳಿದುಕೊಂಡಿದ್ದೆ.

"ದಿನಾ ಏಳ್ತೀರಾ ಅತ್ತೆ?"

"ಆ ವರ್ಷದಿಂದ. ಮಳೆಗಾಲ ಪೂರ್ತಿ. ಈಗೀಗ ಬೇಸಿಗೇಲೂ ಅದೇ ಹೊತ್ತಿಗೆ ಎಚ್ಚರ ಆಗುತ್ತೆ."

"ಮತ್ತೆ ಒಂದು ದಿನವೂ ಹೇಳಲಿಲ್ಲ."

"ನೀನು ಮಲಗಿದ್ದೀಯ ಅಂತ ಸದ್ದು ಮಾಡ್ತಿರ್ಲಿಲ್ಲ. ನೋವಿರೋ ಹುಡುಗಿ, ಒಂದು ಗಳಿಗೆ ಕಣ್ಣು ಮುಚ್ಚಲಿ ಅಂತ ಹಾಸಿಗೇಲೇ ಬಿದ್ದಿರ್ತಿದ್ದೆ. ಇವತ್ತು ಚಳಿ ತಡೀಲಿಲ್ಲ."

ನನಗೆ ಮಾತು ಬರಲಿಲ್ಲ. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಈಚೆ ನಾನು ಅವರಿಗೆ ಎಚ್ಚರವಾಗುತ್ತದೆ ಅಂತ ಮಗ್ಗುಲು ಬದಲಿಸದೆ ಬಿದ್ದಿದ್ದೆ. ಆಚೆ ಅವರು ನನಗೆ ಎಚ್ಚರವಾಗುತ್ತದೆ ಅಂತ ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಬಿದ್ದಿದ್ದರು. ಬೆಳಿಗ್ಗೆ ಎದ್ದು "ನಿದ್ದೆ ಬಂತೇನವ್ವ?" ಅಂತ ಅವರು ಕೇಳುವುದು, "ಬಂತು ಅತ್ತೆ" ಅಂತ ನಾನು ಹೇಳುವುದು. ಅವರಿಗೆ ಬಂತಾ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ಬೂದಿ ಕೆದಕಿ ಬೀಜ ಹೊರಗೆಳೆದರು. ಬಿಸಿ ಬೀಜವನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾರಿಸಿ ಊದಿದರು. ಉಗುರಿನಿಂದ ಮೇಲಿನ ಬಿಳಿ ಸಿಪ್ಪೆ ಸೀಳಿದರು, ಒಳಗಿನ ಕಂದು ಪೊರೆಯನ್ನೂ ಉಜ್ಜಿ ತೆಗೆದರು. ನನ್ನ ಬೆರಳಿನಿಂದ ಆಗುವುದಿಲ್ಲ ಅಂತ ಹೇಳಬೇಕಾಗಿರಲಿಲ್ಲ. ಸುಲಿದ ಬೀಜವನ್ನು ಸುಮ್ನೆ ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಇನ್ನೊಂದು. ಚೊಂಬಿನಲ್ಲಿ ಹಂಡೆ ನೀರು ಮೊಗೆದು ಬೋಗುಣಿಗೆ ಸುರಿದು ನನ್ನ ಮುಂದಿಟ್ಟರು. ಬಿಸಿ ನೀರಲ್ಲಿ ಕೈ ಬಿಟ್ಟು ಕೂತೆ. ಮಳೆ ಹೆಂಚಿನ ಮೇಲೆ ಹೊಡೆಯುತ್ತಲೇ ಇತ್ತು. ಅವರು ತಮ್ಮ ಅಮ್ಮ ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಸೋಮವಾರಪೇಟೆಗೆ ಹೋದದ್ದನ್ನು ಹೇಳಿದರು. ಎರಡು ಸಲ ಕೇಳಿದ್ದ ಕಥೆ, ಮೂರನೇ ಸಲ ಕೇಳಿದೆ. ನಾಲ್ಕೂವರೆಗೆ ನನ್ನ ಬೆರಳು ಮಡಚಿದವು.

ನಾನು ಮಣೆ ಮೇಲೆ ಕೂತರೆ ಏಳಲು ಆಗುವುದಿಲ್ಲ. ಮರುದಿನ ಅತ್ತೆ ಜಗಲಿಯ ಪ್ಲಾಸ್ಟಿಕ್ ಕುರ್ಚಿಯನ್ನು ಬಚ್ಚಲಮನೆಗೆ ತಂದಿಟ್ಟರು. ಸ್ನಾನಕ್ಕೆ ಹೋದ ನಮ್ಮನೆಯವರು ಇದ್ಯಾಕೆ ಇಲ್ಲಿ ಅಂತ ಕೇಳಿದಾಗ ಎಲ್ಲ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೊಬ್ಬನಿಗೇ ನಿದ್ದೆ ಬರ್ತಿತ್ತಾ ಹಾಗಾದ್ರೆ" ಅಂದರು. ಮೂರು ದಿನ ಬಿಟ್ಟು ಬಾಗಿಲ ಚಿಲಕಕ್ಕೆ, ಮಂಚದ ಕಾಲಿಗೆ ಎಣ್ಣೆ ಬಿಟ್ಟರು. ಬರೆಗೆ ನೀರು ಇಂಗದ ಹಾಗೆ ಮೇಲುಗಡೆ ಚರಂಡಿ ತೋಡಿಸಿದರು. ಅತ್ತೆಯನ್ನು ಡಾಕ್ಟರಿಗೂ ತೋರಿಸಿದೆವು. ಗುಡ್ಡ ಜರಿದದ್ದನ್ನು ಕಂಡವರಲ್ಲಿ ಇಂಥ ಎಚ್ಚರ ವರ್ಷಗಟ್ಟಲೆ ಉಳಿಯುವುದುಂಟು, ಅದನ್ನು ವಯಸ್ಸಿನ ಮೇಲೆ ಹಾಕಿ ಬಿಡಬೇಡಿ ಅಂದರು.

ನನ್ನ ಪುಸ್ತಕದಲ್ಲಿ ಗಂಟೆಗಳ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ. ಈಗಲೂ ಒಂದೂವರೆ, ಎರಡು. ಬದಲಾಗಿದ್ದು ನಡುವಿನ ಹೊತ್ತು. ಎಚ್ಚರವಾದರೆ ಏಳುತ್ತೇನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತೇನೆ, ಸಹೋದ್ಯೋಗಿಗಳಿಗೆ ಹೇಳಿಯೇ. ಹಗಲು ಮಲಗಿದರೆ ದರಿದ್ರ ಅನ್ನುವ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವಳಿಗೆ ಆ ಇಪ್ಪತ್ತು ನಿಮಿಷ ಕೇಳಿ ಪಡೆಯುವುದು ಮೆಥೊಟ್ರೆಕ್ಸೇಟ್ ನುಂಗುವುದಕ್ಕಿಂತ ಕಷ್ಟವಾಗಿತ್ತು. ಬೆಳಿಗ್ಗೆ ಅತ್ತೆ ಈಗ ಕೇಳುವುದು, "ಎಷ್ಟೊತ್ತಿಗೆ ಎದ್ದೆ?" ಇದಕ್ಕೆ ಉತ್ತರ ಹೇಳಬಹುದು. ನಾನೂ ಅದನ್ನೇ ಅವರಿಗೆ ಕೇಳುತ್ತೇನೆ.

ನಿನ್ನೆ ರಾತ್ರಿ ಮತ್ತೆ ಜೋರು ಮಳೆ. ಎರಡು ಗಂಟೆ ಇರಬೇಕು. ಗೋಡೆಯಾಚೆ ಮಂಚ ಅಲುಗಿತು. "ಅತ್ತೆ, ಎದ್ದಿದ್ದೀರಾ?" ಅಂತ ಮಲಗಿದಲ್ಲಿಂದಲೇ ಕೇಳಿದೆ.

"ಹೂಂ. ಕೈ ಹೇಗಿದೆ?"

"ಇವತ್ತು ಅಷ್ಟಿಲ್ಲ."

"ಹಾಗಾದ್ರೆ ಮಲಗು. ಬರೆ ಕಡೆ ನಾನು ಕಿವಿ ಇಟ್ಟಿರ್ತೀನಿ."